ಮುಂದಿನ ಗಾಜಿಗೆ ಕೆಂಪು ಪರದೆ

ಬೀಜದ ಕಂಪನಿಯ ಪ್ರಚಾರಕ್ಕೆಂದು ಆಳಂದ, ಅಫಜಲಪುರ, ಜೇವರ್ಗಿ ಸುತ್ತುವಾಗ ವ್ಯಾನೇ ನನ್ನ ಮನೆ. ಒಳಗೆ ಮಂಚ, ಸ್ಟೋವು ಎಲ್ಲ ಇತ್ತು. ಮಾನ ಮಾತ್ರ ಇರಲಿಲ್ಲ. ಮಧ್ಯಾಹ್ನ ಅಡ್ಡಾದರೆ ಸಾಕು, ಮುಂದಿನ ಗಾಜಿನಿಂದ ಊರೆಲ್ಲ ಇಣುಕುತ್ತಿತ್ತು.

ಕೊನೆಗೆ ಆಳಂದದ ಬಜಾರಿನಲ್ಲಿ ಪರದೆಗೆ ಬಟ್ಟೆ ಹುಡುಕಿದೆ. "ಖಾಕಿ ತಗೋರಿ ಸಾಹೇಬ್ರ, ಹೊಲಸು ಕಾಣಂಗಿಲ್ಲ" ಅಂದ ಡ್ರೈವರ್. ನಾನೇನು ಪೊಲೀಸನೇನೋ ಎಂದು ಬೈದು, ಜರಿ ಅಂಚಿನ ಕೆಂಪು ಬಟ್ಟೆ ಆರಿಸಿದೆ. ಅದನ್ನು ಗಾಜಿಗೆ ಕಟ್ಟಿ, ನಿಂಬರ್ಗಾ ಊರಿನ ಬೇವಿನ ನೆರಳಲ್ಲಿ ಗಾಡಿ ನಿಲ್ಲಿಸಿ, ಡ್ರೈವರ್ ಊಟಕ್ಕೆ ಹೋದ ಮೇಲೆ ಬರೀ ಬನಿಯನ್ನಿನಲ್ಲಿ ಹಾಯಾಗಿ ಮಲಗಿದೆ.

ಕದ ಬಡಿದ ಸದ್ದಿಗೆ ಎದ್ದು ತೆರೆದರೆ ಎದುರಿಗೆ ಆರತಿ ತಟ್ಟೆ ಹಿಡಿದ ಮುದುಕಿ, ಹಿಂದೆ ಓಣಿಯ ಹೆಂಗಸರು. ಅವತ್ತು ಊರಲ್ಲಿ ಮದುವೆಯಂತೆ. ಕೆಂಪು ಪರದೆ ಕಟ್ಟಿದ ಗಾಡಿ ಎಂದರೆ ಒಳಗೆ ಮದಲಗಿತ್ತಿ ಎಂದೇ ಅಲ್ಲಿ ಲೆಕ್ಕ.

"ಮದಲಗಿತ್ತಿ ಎಲ್ಲದಾಳ್ರಿ?"

"ಯಾರೂ ಇಲ್ರಿ ಅವ್ವಾ, ನಾನೊಬ್ಬನ ಅದೇನಿ."

"ಹಚ್ಚಿದ ಆರತಿ ಹಂಗ ಹೊಳ್ಳಿ ಒಯ್ಯಬಾರದ್ರಿ. ಬಗ್ರಿ ಇಲ್ಲೆ."

ಬಗ್ಗಿದೆ. ಹಣೆಗೆ ಕುಂಕುಮ ಹಚ್ಚಿ, ಆರತಿ ಬೆಳಗಿ, ದೀಪವನ್ನು ನನ್ನ ಮುಖದ ಹತ್ತಿರ ತಂದು ಮುದುಕಿ ಒಂದು ಗಳಿಗೆ ಚೆನ್ನಾಗಿ ನೋಡಿದಳು.

"ಪರದಾ ಕಟ್ಟಿದ್ದು ಛಲೋನ ಮಾಡೀರಿ" ಅಂದಳು.