ಕೆಳ ಓಣಿಗೊಂದು ಬಾಗಿಲು

ಮೊದಲು ಅದನ್ನು ಸವೆದ ಸಾಬೂನಿನ ಚೂರು ಅಂದುಕೊಂಡೆ. ಬಸವಕಲ್ಯಾಣದ ತವರುಮನೆಯ ತಳಘರವನ್ನು ಅಂಗಡಿ ಮಾಡಬೇಕೆಂದು ತಮ್ಮ ಯೋಜನೆ ಹಾಕಿದ್ದ. ಹಳೇ ಸಾಮಾನು ವಿಂಗಡಿಸಲು ಬಾ ಎಂದು ನನ್ನನ್ನು ಕರೆಸಿದ್ದ. ಕಿಟಕಿಯ ಪಕ್ಕದ ಗೂಡಿನಲ್ಲಿ ಕೈಯಾಡಿಸಿದಾಗ ಅದು ಸಿಕ್ಕಿತು: ಬಟ್ಟೆಯ ಮೇಲೆ ಗೀಟು ಹಾಕುವ ನೀಲಿ ಖಡು. ಬೆರಳಿಗೆಲ್ಲ ನೀಲಿ ಹತ್ತಿತು. ಅಯ್ಯೋ ಅತ್ತಿ... ಎಂದು ಬಾಯಿಗೆ ಬಂತು. ಏನಾಯಿತೆಂದು ತಮ್ಮ ಕೇಳಿದ. ಏನಿಲ್ಲ ಬಿಡು ಅಂದೆ.

ಅತ್ತಿ ಅಂದರೆ ನಮ್ಮ ಅಪ್ಪನ ತಂಗಿ. ತೊಂಬತ್ತರ ದಶಕದ ಶುರುವಿನಲ್ಲಿ, ಹುಮನಾಬಾದಿನ ಗಂಡನ ಮನೆಯಿಂದ ಒಂದು ಟ್ರಂಕು, ಒಂದು ಹೊಲಿಗೆ ಯಂತ್ರ ತೆಗೆದುಕೊಂಡು ವಾಪಸು ಬಂದಳು. ಜ್ವರವೆಂದು ಮಲಗಿದ ಗಂಡ ಮತ್ತೆ ಏಳಲಿಲ್ಲ. ಮಕ್ಕಳಿರಲಿಲ್ಲ. ಇನ್ನು ಇವಳು ಮೂಲೆ ಹಿಡಿದು ಅಳುತ್ತಾಳೆ ಎಂದು ಕಾದಿದ್ದ ಬಂಧುಗಳಿಗೆ ಪಾಪ, ನಿರಾಸೆಯಾಯಿತು. ಅವಳು ಯಂತ್ರವನ್ನು ತಳಘರಕ್ಕೆ ಇಳಿಸಿ, ಎಣ್ಣೆ ಬಿಟ್ಟು, ಓಣಿಯ ಹೆಂಗಸರಿಗೆಲ್ಲ ಕುಬಸ ಹೊಲಿದುಕೊಡುತ್ತೇನೆಂದು ಹೇಳಿ ಕಳಿಸಿದಳು.

ಹೆಂಗಸರು ಬಂದರು ಕೂಡ. ಆದರೆ ತಳಘರಕ್ಕೆ ಇಳಿಯುವ ಮೆಟ್ಟಿಲು ಪಡಸಾಲೆಯ ಮೂಲೆಯಲ್ಲಿತ್ತು. ಪಡಸಾಲೆ ನಮ್ಮ ಮುತ್ಯಾನ ದರಬಾರು. ಅತ್ತಿಯ ಅಪ್ಪ ಅವನು. ಮುಂಜಾನೆಯಿಂದ ಸಂಜೆತನಕ ಅವನ ವಾರಿಗೆಯ ಗಂಡಸರು ಗೋಡೆಗೆ ಒರಗಿ ಎಲೆ ಅಡಿಕೆ ಹಾಕುತ್ತ ಕೂತಿರುತ್ತಿದ್ದರು. ಬಂದ ಹೆಂಗಸರು ಬಟ್ಟೆಯ ಗಂಟು ಸೆರಗಿನಲ್ಲಿ ಮುಚ್ಚಿಕೊಂಡು ಹೊಸ್ತಿಲಲ್ಲಿ ನಿಂತು, ಆ ಮೀಸೆಗಳ ಸಾಲು ನೋಡಿ, ಹಾಗೇ ತಿರುಗಿ ಹೋಗುತ್ತಿದ್ದರು.

ನಮ್ಮ ಮನೆ ಇಳಿಜಾರಿನಲ್ಲಿದೆ. ಮುಂದಿನಿಂದ ನೋಡಿದರೆ ತಳಘರ ನೆಲದಡಿಯಲ್ಲಿದೆ. ಹಿಂದಿನಿಂದ ನೋಡಿದರೆ ಅದರ ಗೋಡೆ ನೇರ ಕೆಳ ಓಣಿಗೆ ತಾಗುತ್ತದೆ. ಆ ಗೋಡೆಗೊಂದು ಬಾಗಿಲು ಇಟ್ಟರೆ ಮುಗಿಯಿತಲ್ಲ! ಅತ್ತಿ ತನ್ನ ಟೇಪು ಹಿಡಿದು, ನೀಲಿ ಖಡುವಿನಿಂದ ಗೋಡೆಯ ಮೇಲೆ ಬಾಗಿಲು ಬರೆದಳು. ಚಿಲಕವನ್ನೂ ಬರೆದಳು. ಇಲ್ಲಿ ಯಂತ್ರ, ಇಲ್ಲಿ ಬಟ್ಟೆ ಕತ್ತರಿಸುವ ಚಾಪೆ, ಇಲ್ಲಿ ಬಂದವರು ಕೂರಲು ಬೆಂಚು ಎಂದು ನೆಲದ ಮೇಲೆಲ್ಲ ಗೀಟು ಎಳೆದಳು. ನಾನು ಆ ಗೀಟುಗಳ ಬೆಂಚಿನ ಮೇಲೆ ಕೂತು ಗಿರಾಕಿಯಾಗುತ್ತಿದ್ದೆ. ಅಷ್ಟು ನಗುತ್ತಿದ್ದ ಅತ್ತಿಯನ್ನು ಆಮೇಲೆ ನಾನು ನೋಡಲಿಲ್ಲ.

ಗೋಡೆ ಕಟ್ಟುವ ಗೌಂಡಿ ಚಾಚಾನನ್ನು ಕರೆಸಿದರು. ಅವನು ಗೋಡೆ ಬಡಿದು ನೋಡಿ, ಬಾಗಿಲು ಕೂಡುತ್ತದೆ ಎಂದ. ಆಗ ಮುತ್ಯಾ ಮೆಟ್ಟಿಲಿಳಿದು ಬಂದ.

"ದಕ್ಷಿಣಕ್ಕ ಬಾಗಲಾ? ಆಗಂಗಿಲ್ಲ."

ಅತ್ತಿ ಸುಮ್ಮನಿರಲಿಲ್ಲ. "ಅಪ್ಪಾ, ದಿನಾ ಮುಂಜಾನಿ ಎದ್ದು ಶರಣರ ಮಾತ ಹಾಡ್ತಿ. ದಿಕ್ಕ, ದೆಸಿ, ಮುಹೂರ್ತ ಎಲ್ಲಾ ಸುಳ್ಳ ಅಂತ ಊರಿಗೇ ಹೇಳ್ತಿ. ನನ್ನ ಬಾಗಲಿಗಿ ಮಾತ್ರ ದಿಕ್ಕ ಎಲ್ಲಿಂದ ಬಂತು?"

ಹೌದು, ಹಾಗೇ ಹೇಳುವವನು ಅವನು. ಶರಣರ ಊರಿನವರು ನಾವು, ರಾಹುಕಾಲ ನೋಡಿ ಬಸ್ಸು ಹತ್ತುವವರಲ್ಲ ಎಂದು ಪಡಸಾಲೆಯಲ್ಲಿ ಎಷ್ಟು ಜನರ ಬಾಯಿ ಮುಚ್ಚಿಸಿದ್ದನೋ. ಆದರೆ ಆವತ್ತು ಅವನು ಗೋಡೆಯ ಮೇಲಿನ ನೀಲಿ ಬಾಗಿಲನ್ನೇ ನೋಡುತ್ತ ನಿಂತ.

"ಹುಮನಾಬಾದದಾಗ ನಿನ್ನ ಮನಿ ಬಾಗಲ ಯಾವ ಕಡಿ ಇತ್ತವ್ವಾ?" ಅಂದ.

ಅತ್ತಿಯ ಕೈಯಲ್ಲಿದ್ದ ಟೇಪು ಕೆಳಗೆ ಬಿತ್ತು. ಆ ಮನೆಯ ಬಾಗಿಲೂ ದಕ್ಷಿಣಕ್ಕೇ ಇತ್ತು. ಅಳಿಯನ ಹೆಣ ಅದೇ ಬಾಗಿಲಿನಿಂದ ಹೊರಗೆ ಬಂದದ್ದನ್ನು ಮುತ್ಯಾ ಕಂಡಿದ್ದ. ನಾಲಿಗೆಯ ಮೇಲೆ ಶರಣರಿದ್ದರು. ಎದೆಯಲ್ಲಿ ಆ ಬಾಗಿಲು ಕೂತಿತ್ತು. ಮಗಳನ್ನೂ ಕಳೆದುಕೊಂಡೇನು ಎಂಬ ಹೆದರಿಕೆಗೆ ಯಾವ ಮಾತು ಹೇಳಿ ಏನು ಪ್ರಯೋಜನ...

ಗೌಂಡಿ ಚಾಚಾ ಒಳ್ಳೆಯ ಮನುಷ್ಯ. ಇಬ್ಬರ ಮುಖವನ್ನೂ ನೋಡಲಾರದೆ, "ಸಾವಕಾರ್ರ, ಕಿಡಕಿ ಇಡೂನ್ರಿ. ಕಿಡಕಿಗಿ ದಿಕ್ಕ ಇರಂಗಿಲ್ಲ" ಅಂದ. ಮುತ್ಯಾನಿಗೆ ಹೋದ ಜೀವ ಬಂದಂತಾಯಿತು. ಹಾಗೆ ನಮ್ಮ ತಳಘರಕ್ಕೆ ಕಬ್ಬಿಣದ ಸರಳಿನ ಕಿಟಕಿ ಬಂತು.

ಕಿಟಕಿಯಿಂದ ಬಟ್ಟೆ ಒಳಗೆ ಬರುತ್ತಿತ್ತು, ಕುಬಸ ಹೊರಗೆ ಹೋಗುತ್ತಿತ್ತು. ಆದರೆ ಅಳತೆ? ಹಳೇ ಕುಬಸ ಕೊಟ್ಟವರದ್ದು ಸರಿ, ಅದನ್ನೇ ನೋಡಿ ಹೊಲಿಯುತ್ತಿದ್ದಳು. ಮೈ ಬದಲಾದವರು, ಬೆಳೆಯುವ ಹುಡುಗಿಯರು ಏನು ಮಾಡಬೇಕು? ಗಂಡ ಸತ್ತವಳು ಟೇಪು ಹಿಡಿದು ಮನೆಮನೆ ತಿರುಗುವುದು ಆಗಿನ ಕಾಲದಲ್ಲಿ ಆಗದ ಮಾತು. ಅತ್ತಿ ಸರಳುಗಳ ನಡುವೆ ಎರಡೂ ಕೈ ಹೊರಗೆ ಚಾಚಿ, "ಹೊಳ್ಳಿ ನಿಲ್ಲವ್ವಾ, ಇನ್ನಾ ಹತ್ತರ ಬಾ" ಎನ್ನುತ್ತ ಟೇಪು ಸುತ್ತಲು ಹೆಣಗುತ್ತಿದ್ದಳು. ನಡು ಓಣಿಯಲ್ಲಿ ಮೈಯಳತೆ ಕೊಡಲು ಯಾರಿಗೆ ಮನಸ್ಸಾದೀತು? ಒಬ್ಬೊಬ್ಬರೇ ಬಜಾರದ ಟೇಲರುಗಳ ಕಡೆ ಹೋದರು.

ಕೆಳ ಓಣಿಯ ಒಂದು ಹುಡುಗಿ ಮಾತ್ರ, ಮದುವೆಯ ಕುಬಸ ನೀವೇ ಹೊಲಿಯಬೇಕೆಂದು ಹಟ ಹಿಡಿದು ನಿಂತಳು. ಪಡಸಾಲೆ ದಾಟಲು ಅವಳ ಅವ್ವ ಒಪ್ಪಲಿಲ್ಲ. ಅತ್ತಿ ಭುಜ ಸಿಕ್ಕಿಕೊಳ್ಳುವಷ್ಟು ಕೈ ತೂರಿಸಿದಳು. ತೋಳು ತರಚಿತು. ಹುಡುಗಿಯ ಬೆನ್ನು ಸಿಗಲಿಲ್ಲ. ಕೊನೆಗೆ ಕೈ ಒಳಗೆ ಎಳೆದುಕೊಂಡು, "ಬಜಾರಕ್ಕ ಹೋಗವ್ವಾ. ಮದಿವಿ ಕುಬಸ ಕೆಡಸಬಾರದು. ನನ್ನ ಕೈ ಇಷ್ಟೇ ಮುಟ್ತದ" ಅಂದಳು. ನಾನು ಪಕ್ಕದಲ್ಲೇ ಗುಂಡಿ ಹೊಲಿಯುತ್ತ ಕೂತಿದ್ದೆ. ಆವತ್ತು ಅವಳು ಯಂತ್ರಕ್ಕೆ ಬಟ್ಟೆ ಹೊದಿಸಿದಳು. ಆಮೇಲೆ ಅದನ್ನು ತೆಗೆದದ್ದು ಮನೆಯವರ ಹರಿದ ಬಟ್ಟೆಗೆ ತೇಪೆ ಹಾಕಲು ಮಾತ್ರ.

ಎರಡು ಸಾವಿರದ ಇಸವಿ ದಾಟಿದ ಮೇಲೆ ಮುತ್ಯಾ ತೀರಿಕೊಂಡ. ದಿನಕರ್ಮವೆಲ್ಲ ಮುಗಿದ ಮೇಲೆ ಅಪ್ಪ ತಾನಾಗಿಯೇ, "ಈಗ ಬಾಗಲ ಇಡಸೂನೇನು?" ಎಂದು ಕೇಳಿದ. ಅತ್ತಿ ನಕ್ಕಳು. "ಈಗ ಯಾಕಣ್ಣಾ? ಸೂಜ್ಯಾಗ ದಾರ ಹಾಕಾಕ ಕಣ್ಣ ಕಾಣವಲ್ದು" ಅಂದಳು. ಮುಂದೆ ಕೆಲವು ವರ್ಷಕ್ಕೆ ಅವಳೂ ಹೋದಳು... ಪಡಸಾಲೆಯ ಬಾಗಿಲಿನಿಂದಲೇ, ಉತ್ತರಕ್ಕೆ ಮುಖ ಮಾಡಿದ ಶುಭದ ಬಾಗಿಲಿನಿಂದಲೇ ಹೋದಳು.

ಈಗ ಕೆಳ ಓಣಿ ಸಿಮೆಂಟಿನ ರಸ್ತೆಯಾಗಿದೆ, ಎರಡೂ ಕಡೆ ಅಂಗಡಿಗಳು. ಗೋಡೆ ಒಡೆಯುವವರು ಬಂದು ನಿಂತಾಗ ತಮ್ಮನನ್ನು ಬೇಕಂತಲೇ ಕೇಳಿದೆ: "ದಕ್ಷಿಣ ಅಲ್ಲೇನೋ ಅದು?"

"ಅಂಗಡಿಗಿ ಎಂಥಾ ದಿಕ್ಕ ಅಕ್ಕಾ? ರೋಡ ಯಾವ ಕಡಿ ಅದನೋ ಅದೇ ದಿಕ್ಕ" ಎಂದ ತಮ್ಮ.

ಸಿಟ್ಟು ಬಂತು. ಯಾರ ಮೇಲೆ ಅಂತ ಸಿಟ್ಟಾಗಲಿ? ಕಿಟಕಿ ಕಿತ್ತು ಗೋಡೆ ಒಡೆಯಲು ಮಧ್ಯಾಹ್ನದವರೆಗೂ ಬೇಕಾಗಲಿಲ್ಲ. ಧೂಳು ಇಳಿದ ಮೇಲೆ, ಖಡುವಿನ ಚೂರನ್ನು ಮುಷ್ಟಿಯಲ್ಲಿ ಹಿಡಿದು ನಾನು ಅಲ್ಲಿಂದ ರಸ್ತೆಗೆ ಕಾಲಿಟ್ಟೆ. ಮತ್ತೆ ಒಳಗೆ ಬಂದೆ. ಒಂದು ಹೆಜ್ಜೆ, ಅಷ್ಟೇ. ಅಷ್ಟಕ್ಕಾಗಿ ನಮ್ಮ ಅತ್ತಿ ತೋಳು ತರಚಿಕೊಂಡಿದ್ದಳು.