ಬಸ್ಸಿಳಿದು ಕೈಮುಗಿಯುತ್ತಿದ್ದ ಕಲ್ಯಾಣಿ ಮಾಮಿ

ಕಲ್ಯಾಣಿ ಮಾಮಿ ಬಸ್ಸಿಗೆ ಕೈಮುಗಿಯುತ್ತಿದ್ದರು. ಹತ್ತುವಾಗ ಅಲ್ಲ, ಇಳಿದ ಮೇಲೆ. ಬೆಳ್ತಂಗಡಿಯಿಂದ ಬಂದ ಬಸ್ಸು ಬಂಟ್ವಾಳ ಪೇಟೆಯಲ್ಲಿ ಅವರನ್ನು ಇಳಿಸಿದ ಕೂಡಲೇ ಚೀಲವನ್ನು ಕಾಲಿನ ಹತ್ತಿರ ಇಟ್ಟು, ಕೆಸರು ಮೆತ್ತಿದ ಬಸ್ಸಿನ ಮೈಯನ್ನು ಹಟ್ಟಿಯ ದನಕ್ಕೆ ತಟ್ಟಿದ ಹಾಗೆ ಎರಡು ಸಲ ತಟ್ಟಿ, ಕೈ ಜೋಡಿಸಿ ನಿಲ್ಲುವರು. ಕಂಡಕ್ಟರ್ ಸೀಟಿ ಊದಲು ಹೋದವನು ಊದದೆ ಕಾಯಬೇಕು. ನನ್ನ ಅಪ್ಪ ಅದೇ ನಿಲ್ದಾಣದಲ್ಲಿ ಬಸ್ ಏಜೆಂಟ್. ಊರಿನ ಹೆಸರುಗಳನ್ನು ಒಂದೇ ಉಸಿರಿಗೆ ಕೂಗಿ ಜನ ಹತ್ತಿಸುವ ಗಂಟಲು ಅವರದು. ಅಕ್ಕನಾದ ಈ ಮಾಮಿ ಬಂದ ದಿನ ಮಾತ್ರ ಆ ಗಂಟಲು ಕಟ್ಟುತ್ತಿತ್ತು.

“ಎಂತ ಅಕ್ಕ ಇದು, ಎಲ್ಲರೂ ನಗಾಡ್ತಾರೆ. ಮುಗಿಯುದಾದ್ರೆ ಹತ್ತುವಾಗ ಮುಗೀರಿ.”

“ಹತ್ತುವಾಗ ಎಲ್ಲರೂ ಮುಗೀತಾರೆ ಮಾರಾಯ, ಜೀವದ ಹೆದರಿಕೆ. ಇಳಿದ ಮೇಲೆ ಯಾರಿಗಾದ್ರೂ ನೆನಪುಂಟಾ? ಪಾಪ, ಇಷ್ಟು ದೂರ ಹೊತ್ತುಕೊಂಡು ಬಂದದ್ದು.”

ನಮ್ಮ ಕಡೆ ಅಪ್ಪನ ಅಕ್ಕತಂಗಿಯರನ್ನು ಮಾಮಿ ಎನ್ನುವುದು. ಮಾಮಿ ಕುಳ್ಳಗೆ, ಕಪ್ಪಗೆ, ಮಾತಿಗೆ ಮುಂಚೆ ನಗು. ಮದುವೆಯಾಗಿ ನೆರಿಯ ಎಂಬ ಊರಿನ ಕಾಡಂಚಿಗೆ ಹೋದವರನ್ನು ಒಂದೇ ಮಳೆಗಾಲದ ಜ್ವರ ಒಂಟಿ ಮಾಡಿತ್ತು. ಗಂಡನನ್ನು ಕೊಂಡುಹೋಗಿ, ಹಿಂದೆಯೇ ಕೈಗೂಸನ್ನೂ ಕೊಂಡುಹೋಯಿತು. ಆಮೇಲೆ ಬೆಳ್ತಂಗಡಿಯಲ್ಲಿ ಒಂದು ಬಾಡಿಗೆ ಕೋಣೆ ಹಿಡಿದು ಬೀಡಿ ಕಟ್ಟಿ ಬದುಕಿದರು. ಅವರು ಹತ್ತಿರ ಬಂದರೆ ಹೊಗೆಸೊಪ್ಪಿನ ವಾಸನೆ. ಇಷ್ಟೆಲ್ಲ ಆಗಿಯೂ ಅವರ ಬಾಯಲ್ಲಿ ಯಾವಾಗಲೂ ಒಂದೇ ಮಾತು: “ಇಷ್ಟಾದ್ರೂ ಉಂಟಲ್ಲ.” ಸಾರಿಗೆ ಉಪ್ಪು ಕಡಿಮೆಯಾದರೆ ಹುಳಿ ಉಂಟಲ್ಲ. ಕೊಡೆಯ ಕಡ್ಡಿ ಮುರಿದರೆ ಬಟ್ಟೆ ಉಂಟಲ್ಲ. ಸಣ್ಣವಳಿದ್ದಾಗ ನನಗೆ ಅದು ತಮಾಷೆ. ಹತ್ತೊಂಬತ್ತನೆಯ ವಯಸ್ಸಿನಲ್ಲಿ ಆ ಮಾತು ಕೇಳಿದರೆ ಮೈ ಉರಿಯುತ್ತಿತ್ತು.

ಯಾಕೆಂದರೆ ಆಗ ನಾನು ಸಿಮೆಂಟಿನ ಕಂಬದ ಹಾಗೆ ಬಿದ್ದುಕೊಂಡಿದ್ದೆ. ಎಪ್ಪತ್ತರ ದಶಕದ ನಡುವಿನ ಮಾತು. ಮೂಡುಬಿದಿರೆಯಲ್ಲಿ ಸಂಬಂಧಿಕರ ಮನೆಯಲ್ಲಿದ್ದು ಕಾಲೇಜಿಗೆ ಹೋಗುತ್ತಿದ್ದವಳಿಗೆ ಸೊಂಟದ ಕೀಲಿನಲ್ಲಿ ನೋವು ಸುರುವಾಯಿತು. ಎಣ್ಣೆ ತಿಕ್ಕಿದ್ದಾಯಿತು, ಪಟ್ಟು ಹಾಕಿದ್ದಾಯಿತು, ಕೊನೆಗೆ ಮಂಗಳೂರಿನ ಡಾಕ್ಟರು ಎಲುಬಿನ ಕ್ಷಯ ಎಂದರು. ಎದೆಯ ಕೆಳಗಿನಿಂದ ಬಲಗಾಲಿನ ಪಾದದ ತನಕ ಪ್ಲಾಸ್ಟರ್ ಹಾಕಿ, ಮುಂದಿನ ಬೇಸಿಗೆಯ ತನಕ ಏಳಬಾರದು ಎಂದರು. ಆಮೇಲೆ ಎದ್ದು ನಡೆಯುತ್ತೇನೋ ಎಂದು ಅಪ್ಪ ಕೇಳಿದ್ದಕ್ಕೆ, “ನೋಡುವ” ಎಂದರು. ಆ “ನೋಡುವ” ನನ್ನ ಜತೆಗೇ ಮನೆಗೆ ಬಂತು.

ಮನೆಯಲ್ಲಿ ನನಗೆ ಕೊಟ್ಟ ಕೋಣೆಗೆ ಒಂದು ಕಿಟಕಿ. ಕಿಟಕಿಯ ಆಚೆ ಪಕ್ಕದ ಅಡಿಕೆ ವ್ಯಾಪಾರಿಯ ಗೋದಾಮಿನ ಗೋಡೆ. ಆಕಾಶ ನೋಡಬೇಕಾದರೆ ಎದ್ದು ಕುಳಿತುಕೊಳ್ಳಬೇಕು, ಏಳಲು ಪ್ಲಾಸ್ಟರ್ ಬಿಡುವುದಿಲ್ಲ. ಅದರ ಒಳಗೆ ಬೆವರಿ ತುರಿಸುವಾಗ ಹಿಡಿಕಡ್ಡಿ ತೂರಿಸಿ ಕೆರೆಯುವುದೊಂದೇ ಸುಖ. ನೀರು, ಮಾತ್ರೆ, ಮಲಮೂತ್ರದ ಪಾತ್ರೆ, ಎಲ್ಲಕ್ಕೂ ಇನ್ನೊಬ್ಬರನ್ನು ಕೂಗಬೇಕು. ಇದರ ಮೇಲೆ ಕ್ಷಯ ಎಂಬ ಶಬ್ದ ಹೊರಗೆ ಹೋಗಬಾರದು, ಹೋದರೆ ಹುಡುಗಿಗೆ ಮದುವೆಯಿಲ್ಲ. ಬಸದಿಯ ಮೆಟ್ಟಿಲಿನಲ್ಲಿ ಜಾರಿ ಬಿದ್ದದ್ದು ಎಂದು ಅಮ್ಮ ನೆರೆಕರೆಗೆ ಹೇಳಿದರು. ಸುಳ್ಳು ಬಯಲಾದೀತೆಂದು ನನ್ನ ಗೆಳತಿಯರನ್ನೂ ಜಗಲಿಯಿಂದಲೇ ಕಾಫಿ ಕೊಟ್ಟು ಕಳಿಸಿದರು. ಅವರ ನಗು ಕೇಳುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೀಗೆ ನಾನು ಪ್ಲಾಸ್ಟರಿನ ಒಳಗೆ, ಕೋಣೆಯ ಒಳಗೆ, ಸುಳ್ಳಿನ ಒಳಗೆ.

ಆಟಿ ತಿಂಗಳ ಜಡಿಮಳೆಯಲ್ಲಿ ಮಾಮಿ ಬೆಳ್ತಂಗಡಿಯ ಕೋಣೆಗೆ ಬೀಗ ಹಾಕಿ, ಬೀಡಿ ಕಟ್ಟುವ ತಡ್ಪೆ ಎಂಬ ಮೊರವನ್ನು ಕಂಕುಳಲ್ಲಿ ಹಿಡಿದುಕೊಂಡು ನಮ್ಮಲ್ಲಿಗೆ ಬಂದರು. ಬಂದವರು ಮೊದಲು ನನ್ನ ಪ್ಲಾಸ್ಟರನ್ನು ತಟ್ಟಿ ನೋಡಿದರು, ಹಲಸಿನ ಹಣ್ಣು ತಟ್ಟಿದ ಹಾಗೆ.

“ಇನ್ನೊಂದು ಕಾಲು ಉಂಟಲ್ಲ ಮಗಾ.”

ಕೈಗೆ ಲೋಟ ಸಿಕ್ಕಿದ್ದರೆ ಎಸೆಯುತ್ತಿದ್ದೆ. ಅಮ್ಮ ದೂರ ಇಟ್ಟಿದ್ದರು.

ಆಟಿ ಅಮಾವಾಸ್ಯೆಯ ಬೆಳಿಗ್ಗೆ ಪಾಲೆ ಮರದ ತೊಗಟೆಯ ಕಷಾಯ ತಂದರು. ನಮ್ಮ ಕಡೆ ಆ ದಿನ ಎಲ್ಲರೂ ಕುಡಿಯಲೇಬೇಕಾದ ಕಹಿ ಅದು. ನಾನು ಬಾಯಿ ಬಿಗಿದೆ. “ಕಹಿ ಅಂತ ನಿನಗೊಬ್ಬಳಿಗೆ ಕೊಟ್ಟದ್ದಲ್ಲ ಮಾರಾಯ್ತಿ, ಇವತ್ತು ಊರಿಡೀ ಮುಖ ಹುಳಿ ಮಾಡ್ತಾ ಉಂಟು” ಎಂದು ತಾವೂ ಒಂದು ಗುಟುಕು ಕುಡಿದು ಮುಖ ಕಿವಿಚಿದರು. ಅದನ್ನು ನೋಡಿ ನಗು ಬಂದು ಬಾಯಿ ತೆರೆದೆ, ಕಷಾಯ ಒಳಗೆ ಹೋಯಿತು. ಮಾಮಿಯ ವಿದ್ಯೆ ಇಂಥದ್ದು. ಗೋಡೆಯನ್ನು ಬಿಟ್ಟು ನೋಡಲು ಏನಿಲ್ಲ ಎಂದರೆ, “ಗೋಡೆಯನ್ನೇ ಸರಿ ನೋಡು” ಎನ್ನುವರು. ನೋಡಿದರೆ ಹೌದು, ಮಳೆಗೆ ಅದರ ಮೇಲೆ ದಪ್ಪ ಹಾವಸೆ ಎದ್ದು ಹಸಿರು ಕಂಬಳಿ ಹೊದ್ದ ಹಾಗೆ ಆಗಿತ್ತು. ಆದರೂ ಅದು ಗೋಡೆಯೇ. ನಾನು ಸುಲಭಕ್ಕೆ ಸೋಲುವ ಹೆಣ್ಣಲ್ಲ.

ಆಟಿಯ ಮುಂದಿನ ಸೋಣ ತಿಂಗಳಿಡೀ ನಮ್ಮಲ್ಲಿ ಹೆಂಗಸರು ಹೊಸ್ತಿಲಿಗೆ ಹೂ ಇಟ್ಟು ಪೂಜೆ ಮಾಡುತ್ತಾರೆ. ಅದು ಮನೆಯ ಮುಂಬಾಗಿಲಿನ ಹೊಸ್ತಿಲಿಗೆ. ಮಾಮಿ ಅಲ್ಲಿ ಅಮ್ಮನಿಗೆ ಬಿಟ್ಟುಕೊಟ್ಟು, ನನ್ನ ಕೋಣೆಯ ಹೊಸ್ತಿಲಿನ ಎದುರು ಕುಳಿತರು. ಗಂಡ ಸತ್ತವರು ಮಾಡುವುದು ಉಂಟಾ ಎಂದು ನೆರೆಮನೆಯ ಹೆಂಗಸು ಜಗಲಿಯಿಂದ ಕೇಳಿದ್ದಕ್ಕೆ, “ಹೊಸ್ತಿಲಿಗೆ ನನ್ನ ಕರಿಮಣಿಯ ಲೆಕ್ಕ ಎಂತಕ್ಕೆ?” ಎಂದರು. ದಿನವೂ ಆ ಮರದ ಹಲಗೆಯನ್ನು ಒರೆಸಿ, ರಂಗೋಲಿಯ ಗೆರೆ ಎಳೆದು, ಬೇಲಿಯ ಬದಿಯಿಂದ ಕೊಯ್ದು ತಂದ ಹೂ ಇಡುವರು. ನಾನು ಮಲಗಿದಲ್ಲಿಂದ ಆ ಹೊಸ್ತಿಲು ನಾಲ್ಕು ಮಾರು ದೂರ. ನನಗೆ ಅದು ನೇತ್ರಾವತಿಯ ಆಚೆ ದಡ.

“ದಾಟಲಿಕ್ಕೆ ಆಗದ ಹೊಸ್ತಿಲಿಗೆ ಪೂಜೆ ಯಾಕೆ ಮಾಮಿ? ನನ್ನನ್ನು ಅಣಕಿಸ್ಲಿಕ್ಕಾ?”

“ಮೊದಲೇ ಹೇಳಿ ಇಡ್ತೇನೆ. ನೀನು ದಾಟುವ ದಿನ ಅದು ಎಡವಿಸಬಾರದಲ್ಲ.”

“ದಾಟದಿದ್ದರೆ?”

ಮಾಮಿ ಹೂವಿನ ಮೇಲೆ ಹತ್ತಿದ ಇರುವೆಯನ್ನು ಊದಿ ಓಡಿಸಿದರು.

ಆಮೇಲೆ ನಾನು ಊಟ ಬಿಟ್ಟೆ. ಸಾಯಬೇಕು ಎಂದೇನೂ ಗಟ್ಟಿ ಮಾಡಿದ್ದಲ್ಲ. ಉಂಡರೆ ಇನ್ನೊಂದು ದಿನ ಹೀಗೆಯೇ ಮಲಗುವುದಕ್ಕೆ ಉಂಡ ಹಾಗಾಗುತ್ತದೆ ಎಂದು ತೋರಿತು. ಅಮ್ಮ ಅತ್ತರು. ಅಪ್ಪ ನಿಲ್ದಾಣದ ಹೋಟೆಲಿನಿಂದ ಮೈಸೂರು ಪಾಕ್ ತಂದು ತಲೆದಿಂಬಿನ ಬದಿಗೆ ಇಟ್ಟರು. ಅದನ್ನು ಇರುವೆ ತಿಂದಿತು. “ತಿನ್ನದಿದ್ದರೆ ಎಲುಬು ಕೂಡುವುದು ಹೇಗೆ?” ಎಂದು ಡಾಕ್ಟರು ಅಪ್ಪನನ್ನು ಗದರಿಸಿ ಕಳಿಸಿದರು. ಮಾಮಿ ಮಾತ್ರ ಒಂದು ದಿನವೂ ಉಣ್ಣು ಎನ್ನಲಿಲ್ಲ.

ಅಷ್ಟರಲ್ಲಿ ಹೊಸ ಅಕ್ಕಿಯ ಊಟ ಬಂತು, ತುಳುವಿನಲ್ಲಿ ಪುದ್ವಾರ್. ಮಾಮಿ ಬೆಳ್ತಂಗಡಿ ಕಡೆಯ ಗದ್ದೆಯಿಂದ ಬಸ್ಸಿನಲ್ಲಿ ತೆನೆ ತರಿಸಿ, ಮಾವಿನೆಲೆಯಲ್ಲಿ ಸುತ್ತಿ, ಮನೆಯಲ್ಲಿ ದುಡಿಯುವ ವಸ್ತುಗಳಿಗೆಲ್ಲ ಕಟ್ಟಿದರು. ಹುಲ್ಲು ಸುತ್ತಿದ ಅಕ್ಕಿ ಮುಡಿಗೆ, ಕಡೆಯುವ ಕಲ್ಲಿಗೆ, ಬಾವಿಯ ರಾಟೆಗೆ, ತಮ್ಮ ತಡ್ಪೆಗೆ. ಆಮೇಲೆ ಬಂದು ನನ್ನ ಮಂಚದ ಕಾಲಿಗೂ ಒಂದು ಕಟ್ಟಿದರು. ನಾನು ದ್ವೇಷಿಸುತ್ತಿದ್ದ ಮಂಚ ಅದು. “ನಿನ್ನನ್ನು ಹೊತ್ತದ್ದು ಅದೇ ಅಲ್ಲವಾ, ಒಂದು ದಿನ ರಜೆ ಇಲ್ಲದೆ” ಎಂದರು. ನನಗೆ ತಡೆಯಲಿಲ್ಲ. “ನಿಮಗೆ ಎಂತ ಉಂಟು ಅಂತ ಇಷ್ಟು ಕೈಮುಗಿಯುದು ಮಾಮಿ? ಗಂಡ ಉಂಟಾ, ಮಕ್ಕಳುಂಟಾ?” ಎಂದು ಕೇಳಿಬಿಟ್ಟೆ.

ಮಾಮಿ ಗಂಟನ್ನು ಬಿಗಿದು ಎದ್ದರು. “ಬೈಲಿಕ್ಕೆ ನೀನು ಉಂಟಲ್ಲ” ಎಂದು ಅಡಿಗೆಮನೆಗೆ ಹೋದರು.

ಹೊಸತು ಉಣ್ಣುವುದಕ್ಕೆ ಒಂದು ಕ್ರಮವಿದೆ. ಮೊದಲ ತುತ್ತಿಗೆ ಮೊದಲು ಚಿಕ್ಕವರು ಹಿರಿಯರನ್ನು ಕೇಳಬೇಕು: “ಪೊಸತ್ ಉಣ್ಪೆ”, ಹೊಸತು ಉಣ್ಣುತ್ತೇನೆ ಎಂದು. ಹಿರಿಯರು “ಉಣ್ಲ”, ಉಣ್ಣು, ಎಂದ ಮೇಲೆಯೇ ಕೈ ಬಾಯಿಗೆ. ಆ ದಿನ ಮಾಮಿ ಬಡಿಸಿದ ಬಾಳೆಲೆ ಹಿಡಿದುಕೊಂಡು ನನ್ನ ಕೋಣೆಗೆ ಬಂದು, ಮಂಚದ ಬದಿಯಲ್ಲಿ ನೆಲಕ್ಕೆ ಕುಳಿತು, “ಪೊಸತ್ ಉಣ್ಪೆ ಮಗಾ” ಎಂದರು.

“ಚಿಕ್ಕವರ ಹತ್ತಿರ ಕೇಳುದುಂಟಾ ಅಕ್ಕ?” ಅಮ್ಮ ಗಾಬರಿಯಾದರು.

“ನನಗಿಂತ ದೊಡ್ಡವರು ಈ ಮನೆಯಲ್ಲಿ ಇಲ್ಲ. ಕೇಳದೆ ಉಂಡರೆ ನನಗೆ ಮೈಗೆ ಹಿಡಿಯುದಿಲ್ಲ.”

ನಾನು ಗೋಡೆಯ ಕಡೆ ಮುಖ ತಿರುಗಿಸಿದೆ. ಮಾಮಿ ಎಲೆಯನ್ನು ಇನ್ನೊಂದು ಎಲೆಯಿಂದ ಮುಚ್ಚಿ, ತಡ್ಪೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಬೀಡಿ ಸುರುಟಲು ತೊಡಗಿದರು. ಅಪ್ಪ ಮಧ್ಯಾಹ್ನದ ಬಸ್ಸು ಕಳಿಸಿ ಬಂದು, ವಿಷಯ ತಿಳಿದು, ಕಳ್ಳನ ಹಾಗೆ ಉಂಡು ಹೋದರು. ಅನ್ನ ಆರಿತು. ಪಾಯಸದ ಮೇಲೆ ಕೆನೆ ಕಟ್ಟಿತು. ಮಾಮಿ ನೀರನ್ನೂ ಮುಟ್ಟಲಿಲ್ಲ. ಬಿಸಿಲು ಗೋಡೆಯಿಂದ ಇಳಿದು ಹೋಗುವ ಹೊತ್ತಿಗೆ ಅವರ ಹೊಟ್ಟೆ ಗುರುಗುಟ್ಟಿದ್ದು ನನಗೆ ಸ್ಪಷ್ಟ ಕೇಳಿಸಿತು.

“ಉಣ್ಲೆ, ಉಣ್ಣಿ!” ಎಂದು ಕಿರುಚಿದೆ.

“ಹಾಗೆ ಬೊಬ್ಬೆ ಹೊಡೆದರೆ ಹೊಸ ಅಕ್ಕಿ ಹೆದರ್ತದೆ. ಸರಿ ಹೇಳು.”

ಸರಿಯಾಗಿ ಹೇಳಿದೆ. ಹೇಳುವಾಗ ಅಳು ಬಂತು. ಎಷ್ಟೋ ತಿಂಗಳಿನಿಂದ ನಾನು ಬೇಡುವವಳೇ ಆಗಿದ್ದೆ. ನನ್ನಿಂದ ಒಂದು ವಸ್ತು ಬೇಕು ಎಂದು ಯಾರೂ ಬಂದಿರಲಿಲ್ಲ. ಮಲಗಿದಲ್ಲಿಯೇ ನಾನು ಕೊಡಬಹುದಾದದ್ದೊಂದು ಇತ್ತು, ಅದನ್ನು ಮಾಮಿ ಹಸಿದು ಕುಳಿತು ಕೇಳಿದ್ದರು. ಆಮೇಲೆ “ಈಗ ನೀನು ಕೇಳು” ಎಂದರು. ಕೇಳಿದೆ. ಒಂದೇ ಎಲೆಯಿಂದ ಇಬ್ಬರೂ ತಣ್ಣಗಿನ ಅನ್ನ ಉಂಡೆವು. ಅಷ್ಟು ರುಚಿಯ ಊಟ ಮತ್ತೆ ಉಂಡ ನೆನಪಿಲ್ಲ.

ಹಾಗೆಂದು ದುಃಖವೆಲ್ಲ ಹಾರಿಹೋಗಲಿಲ್ಲ. ಚಳಿಗಾಲದ ರಾತ್ರಿಗಳು ಉದ್ದವಾಗಿದ್ದವು, ಗೋಡೆಯ ಹಾವಸೆ ಒಣಗಿ ಕಪ್ಪಾಯಿತು, “ನೋಡುವ” ಎಂಬ ಮಾತು ಎದೆಯ ಮೇಲೆ ಹಾಗೆಯೇ ಕುಳಿತಿತ್ತು. ಕೆಡ್ಡಸದ ಮೂರು ದಿನ ಭೂಮಿ ತಾಯಿ ಮುಟ್ಟಾಗಿರುತ್ತಾಳೆ ಎಂದು ನಮ್ಮಲ್ಲಿ ನೆಲ ಅಗೆಯುವುದಿಲ್ಲ. ನನ್ನೇರಿ ಎಂಬ ಹುರಿದಕ್ಕಿಯ ಸಿಹಿ ಹುಡಿಯನ್ನು ಬಾಯಿಗೆ ಹಾಕುತ್ತಾ ಮಾಮಿ ಹೇಳಿದರು: “ಭೂಮಿಯೇ ಮಲಗ್ತಾಳೆ, ಯಾರಾದ್ರೂ ಉದಾಸೀನ ಅಂತ ಬೈತಾರಾ? ಎದ್ದ ಮೇಲೆ ಅವಳಿಗೆ ಎಣ್ಣೆ ಇಡ್ತೇವೆ. ನಿನಗೂ ಇಡ್ತೇನೆ.” ಮುಖ ಗಂಟಿಕ್ಕಿಕೊಂಡೇ ನಾನು ನನ್ನೇರಿ ಪೂರಾ ತಿಂದೆ.

ಪ್ಲಾಸ್ಟರ್ ಕತ್ತರಿಸಿದ್ದು ತುಳುವರ ಯುಗಾದಿಯಾದ ಬಿಸುವಿನ ಹತ್ತಿರ. ಒಳಗಿಂದ ಬಂದ ಕಾಲು ಸಿಪ್ಪೆ ಸುಲಿದ ಕೋಲಿನ ಹಾಗಿತ್ತು. ಮಾಮಿ ದಿನವೂ ಅದಕ್ಕೆ ಎಣ್ಣೆ ಹಚ್ಚಿದರು. ಕಡೆಗೆ ಒಂದು ಬೆಳಿಗ್ಗೆ ಕಂಕುಳಿಗೆ ಕೋಲು ಕೊಟ್ಟು ನಿಲ್ಲಿಸಿದರು. ಒಂದು ಕಡೆ ಅಪ್ಪ, ಒಂದು ಕಡೆ ಅಮ್ಮ; ಹೊಸ್ತಿಲಿನ ಆಚೆ ಮಾಮಿ ಎರಡೂ ಕೈ ಚಾಚಿ. ನಾಲ್ಕು ಮಾರು ದಾಟಿ ಹೊಸ್ತಿಲಿನ ಹತ್ತಿರ ಬಂದೆ. ಎಡಗಾಲು ಆಚೆ ಹೋಯಿತು. ಸೊಂಟ ಮಡಚದ ಬಲಗಾಲು ಅಷ್ಟು ಎತ್ತರ ಏಳಲಿಲ್ಲ. ಪಾದ ಹೊಸ್ತಿಲಿನ ನೆತ್ತಿಯ ಮೇಲೆಯೇ ಕುಳಿತಿತು. ನಮ್ಮಲ್ಲಿ ಹೊಸ್ತಿಲು ಮೆಟ್ಟುವುದೆಂದರೆ ದೇವರನ್ನೇ ಮೆಟ್ಟಿದ ಹಾಗೆ. ಅಯ್ಯೋ ಎಂದು ಅಮ್ಮ ಬಾಯಿಗೆ ಸೆರಗು ಒತ್ತಿದರು. ನಾನು ಹಾಗೆಯೇ ನಿಂತೆ, ಹಿಂದೆಯೂ ಇಲ್ಲ, ಮುಂದೆಯೂ ಇಲ್ಲ.

“ಮೆಟ್ಟು ಮಗಾ, ಗಟ್ಟಿ ಮೆಟ್ಟು!” ಎಂದರು ಮಾಮಿ. “ತಿಂಗಳಿಡೀ ಹೂ ತಿಂದದ್ದು ಎಂತಕ್ಕೆ ಅದು?”

ಅಪ್ಪ ಮೊದಲು ನಕ್ಕದ್ದು. ನಗುತ್ತಾ ನಗುತ್ತಾ ನಾನು ಆಚೆಗೆ ಬಿದ್ದೆ, ಮಾಮಿಯ ಹೊಗೆಸೊಪ್ಪಿನ ವಾಸನೆಯೊಳಗೆ.

ಕಾಲು ಕುಂಟು ಉಳಿಯಿತು. ಇಷ್ಟಾದರೂ ಉಂಟಲ್ಲ. ಓದು ಮುಗಿಸಿ ಮೂಡುಬಿದಿರೆಯಲ್ಲಿ ಟೀಚರ್ ಆದೆ. ಮಾಮಿ ಬೆಳ್ತಂಗಡಿಯ ತಮ್ಮ ಕೋಣೆಗೆ ಮರಳಿದ್ದರು. ಎಂಬತ್ತರ ದಶಕದ ಒಂದು ಮಳೆಗಾಲದಲ್ಲಿ ಅವರ ಬಲಭಾಗಕ್ಕೆ ವಾತ ಬಡಿಯಿತು. ಬಂಟ್ವಾಳಕ್ಕೆ ಬನ್ನಿ ಎಂದರೆ ಕೋಣೆ ಬಿಟ್ಟು ಬರಲು ಒಪ್ಪಲಿಲ್ಲ; ಅಮ್ಮನೇ ಹೋಗಿ ನೋಡಿಕೊಳ್ಳುತ್ತಿದ್ದರು. ಹೊಸತು ಊಟದ ದಿನ ನಾನು ಅನ್ನದ ಬುತ್ತಿ ಹಿಡಿದುಕೊಂಡು ಹೋದೆ. ಮಾಮಿ ಊಟ ಬಿಟ್ಟು ಎರಡು ದಿನವಾಗಿದೆ ಎಂದು ಅಮ್ಮ ಬಾಗಿಲಲ್ಲೇ ಹೇಳಿದರು. ಒಳಗೆ ಅವರು ಗೋಡೆಯ ಕಡೆ ಮುಖ ಮಾಡಿ ಮಲಗಿದ್ದರು. ಆ ನಗುವಿನ ಬಾಯಿ ಒಂದು ಕಡೆಗೆ ಜಗ್ಗಿತ್ತು. ನೋಡಲಾರದೆ ನೋಡಿದೆ.

ಎಲೆ ಬಡಿಸಿಕೊಂಡು ಮಂಚದ ಹತ್ತಿರ ಸ್ಟೂಲಿನಲ್ಲಿ ಕುಳಿತು, “ಪೊಸತ್ ಉಣ್ಪೆ ಮಾಮಿ” ಎಂದೆ.

ನಾನು ಕೈ ಕಟ್ಟಿ ಕುಳಿತೆ. ತುಂಬ ಹೊತ್ತಾದ ಮೇಲೆ ತಲೆ ನಿಧಾನ ನನ್ನ ಕಡೆ ತಿರುಗಿತು.

“ನನ್ನ ವಿದ್ಯೆ... ನನಗೇ ತೋರಿಸ್ತೀಯಾ?” ಮಾತು ತೊದಲುತ್ತಿತ್ತು. ಆಮೇಲೆ “ಉಣ್ಲ” ಎಂದರು.

“ಈಗ ನೀವು ಕೇಳಿ.”

ಕೇಳಿದರು. ಕೊಟ್ಟದ್ದು ಎರಡು ತುತ್ತು, ಒಳಗೆ ಹೋದದ್ದು ಒಂದು. ಬಾಯಿ ಒರೆಸಿದ ಮೇಲೆ ಅವರ ಎಡಗೈ ಎದೆಯ ಮೇಲೆ ಏನನ್ನೋ ಹುಡುಕಿತು. ಬಲಗೈಯನ್ನು ಹುಡುಕುತ್ತಿದೆ ಎಂದು ತಿಳಿದು, ಸತ್ತಂತಿದ್ದ ಆ ಕೈಯನ್ನು ಎತ್ತಿ ಎಡಗೈಗೆ ಜೋಡಿಸಲು ಹೋದೆ. ಮಾಮಿ ತಲೆ ಅಲ್ಲಾಡಿಸಿದರು.

“ಕೈ ಬಿಡು ಮಗಾ. ಬಸ್ಸಿಂದ ನಾನಿನ್ನೂ ಇಳೀಲಿಲ್ಲವಲ್ಲ.”

ಅದೇ ಕೊನೆಯ ಭೇಟಿ. ದೀಪಾವಳಿಗೆ ಮೊದಲು ಸುದ್ದಿ ಬಂತು. ಬೆಳಗಿನ ಬಸ್ಸಿನಲ್ಲಿ ಹೋದೆ. ಮಾಮಿಯನ್ನು ಮೀಯಿಸಿ ಚಾಪೆಯ ಮೇಲೆ ಮಲಗಿಸಿದ್ದರು. ಮಂಚದ ಕಾಲಿಗೆ ಅಮ್ಮ ಕಟ್ಟಿದ್ದ ತೆನೆ ಇನ್ನೂ ಇತ್ತು. ಹೆಬ್ಬೆರಳುಗಳನ್ನು ಕಟ್ಟಲು ದಾರ ಹಿಡಿದುಕೊಂಡವರನ್ನು ಸ್ವಲ್ಪ ನಿಲ್ಲಿ ಎಂದೆ. ಮಡಚದ ಕಾಲನ್ನು ಚಾಚಿಕೊಂಡು ನೆಲಕ್ಕೆ ಕುಳಿತು, ಮಾಮಿಯ ಎರಡೂ ಕೈಗಳನ್ನು ಎತ್ತಿ ಜೋಡಿಸಿದೆ.