ಒಂದೂ ಗುಂಡು ಹಾರದ ಯುದ್ಧದ ಕಾದಂಬರಿ

ಬೆಳಕು ಹರಿಯುವ ಹೊತ್ತಿಗೆ ಮುದ್ರಣಾಲಯದ ಹಿಂದಿನ ಕೋಣೆಯಲ್ಲಿ ದಾರದಕ್ಕ ದಾರಕ್ಕೆ ಮೇಣ ಸವರುತ್ತಿರುತ್ತಾರೆ. ಮಡಚಿದ ಹಾಳೆಗಳ ಕಂತೆಗೆ ಇಲ್ಲಿ ಫಾರಂ ಎನ್ನುತ್ತಾರೆ. ಫಾರಂ ಮೇಲೆ ಫಾರಂ ಇಟ್ಟು ಬೆನ್ನು ಹೊಲಿದು ಪುಸ್ತಕ ಮಾಡುವುದು ಅವರ ಕೆಲಸ. ವಯಸ್ಸು ಅರವತ್ತು ದಾಟಿದೆ. ಇಂದು ಕೈಯಲ್ಲಿರುವುದು ಅವರೇ ಬರೆದ ಕಾದಂಬರಿ, ಮೂರನೇ ಮುದ್ರಣ. ಆದರೂ ಈ ಊರಿನ ಸಾಹಿತ್ಯದ ದೊಡ್ಡವರೊಬ್ಬರೂ ಈ ಕೋಣೆಗೆ ಇಣುಕಿಲ್ಲ. ನಾಚಿಕೆಯಾಗಬೇಕು.

ಕಾದಂಬರಿಯ ಹುಡುಗಿಗೆ ಹನ್ನೊಂದು ವರ್ಷ. ಅಪ್ಪ ಯುದ್ಧಕ್ಕೆ ಹೋದ. ಹಿಂದೆಯೇ ಸೈನ್ಯದವರು ಬಂದು ಗಾಡಿ ಎಳೆಯಲೆಂದು ಮನೆಯ ಒಂಟಿ ಎತ್ತನ್ನೂ ಬಿಚ್ಚಿಕೊಂಡು ಹೋದರು. ಅವ್ವ ನೇಗಿಲು ಹಿಡಿದಳು, ಮಗಳು ನೊಗಕ್ಕೆ ಹೆಗಲು ಕೊಟ್ಟಳು. ಹೊಲದ ಆ ತುದಿ ಮುಟ್ಟುವಷ್ಟರಲ್ಲಿ ಹುಡುಗಾಟಿಕೆ ಮುಗಿದಿತ್ತು.

"ಅದು ನಾನೇ ಕಣಪ್ಪ, ಇಲ್ಲಿ ನೋಡು" ಎಂದು ದಾರದಕ್ಕ ಒಂದು ಕಡೆ ವಾಲಿದ ಹೆಗಲು ತೋರಿಸುತ್ತಾರೆ.

ಬರೆಯುವ ಮೊದಲು ಈ ಕಥೆಯನ್ನು ಹೊಲಿಯುತ್ತಲೇ ಜೊತೆಯ ಹೆಂಗಸರಿಗೆ ಹೇಳುತ್ತಿದ್ದರು. ಎತ್ತು ಹೋದ ದಿನದ ಕಥೆ ಕೇಳಿ ಎದುರಿಗೆ ಕೂತವಳು ಅಳುತ್ತ ಅಳುತ್ತ ಕಾನೂನು ಪುಸ್ತಕದ ಫಾರಂಗಳನ್ನು ತಲೆಕೆಳಗಾಗಿ ಹೊಲಿದುಬಿಟ್ಟಳು. ಮಾಲೀಕರು ಕೂಗಾಡುತ್ತ ಬಂದರು.

"ಏನ್ ಬಂತು ನಿಮಗೆಲ್ಲ?"

"ಎತ್ತು ಹಿಡ್ಕೊಂಡು ಹೋದ್ರು, ಸಾರ್!"

"ಯಾರ ಎತ್ತೇ?"

ಬೈಯಲು ಬಂದವರು ಕಾಗದದ ಕಟ್ಟಿನ ಮೇಲೆ ಕೂತು ಪೂರ್ತಿ ಕಥೆ ಕೇಳಿದರು. "ಬರ್ಕೊಡು, ಅಚ್ಚು ಹಾಕ್ತೀನಿ" ಎಂದರು. ಬರೆದುಕೊಟ್ಟ ಮೇಲೆ ಅವರ ವರಸೆ ಬದಲಾಯಿತು.

"ಯುದ್ಧದ ಕಾದಂಬರಿ ಅಂತೀಯ, ಒಂದು ಗುಂಡೂ ಹಾರಲ್ವಲ್ಲ! ಅಪ್ಪನ ಕೈಲಿ ನಾಲ್ಕು ಜನರನ್ನಾದ್ರೂ ಹೊಡೆಸು. ಇಲ್ಲಾಂದ್ರೆ ಅಚ್ಚಿಲ್ಲ."

"ಗುಂಡು ಹಾರಿಸೋರು ಬೇರೆ ಇದ್ರು ಸಾರ್. ನಾವು ಬಿತ್ತೋರು. ನಮ್ ಯುದ್ಧ ಇದೇ. ಬೇಡಾಂದ್ರೆ ವಾಪಸ್ ಕೊಡಿ."

ಆಗ ಎದ್ದವಳು ಫಾರಂ ತಲೆಕೆಳಗು ಮಾಡಿದ್ದವಳೇ. "ಅಕ್ಕನ ಒಂದಕ್ಷರ ಮುಟ್ಟಿ ನೋಡಿ, ಇನ್ಮೇಲೆ ಎಲ್ಲ ಪುಸ್ತಕಾನೂ ತಲೆಕೆಳಗೇ ಹೊಲೀತೀವಿ. ಬೇಕಂತಲೇ!"

ಕೋಣೆಯ ಹೆಂಗಸರೆಲ್ಲ ಒಟ್ಟಿಗೆ ಸೂಜಿ ಕೆಳಗಿಟ್ಟರು. ಮಾಲೀಕರು ಹಸ್ತಪ್ರತಿ ಎತ್ತಿಕೊಂಡು ಅಚ್ಚಿನ ಯಂತ್ರದ ಕಡೆ ನಡೆದರು. ಕಾದಂಬರಿ ಬರೆದಂತೆಯೇ ಅಚ್ಚಾಯಿತು. ಈಗ ಅದೇ ಮಹಾಶಯರು ಬಂದವರಿಗೆಲ್ಲ "ನಮ್ಮಕ್ಕನ ಪುಸ್ತಕ" ಎಂದು ಎದೆ ಉಬ್ಬಿಸಿ ತೋರಿಸುತ್ತಾರೆ.

ಯಂತ್ರದಲ್ಲಿ ಹೊಲಿಸೋಣ ಎಂದರೆ ದಾರದಕ್ಕ ಒಪ್ಪುವುದಿಲ್ಲ. ಎತ್ತಿನ ಅಧ್ಯಾಯವಿರುವ ಫಾರಂ ಬಂದಾಗ ಸೂಜಿ ನಿಧಾನವಾಗುತ್ತದೆ. ಅಲ್ಲಿಗೆ ಒಂದು ಗಂಟು ಸಾಕು, ಅವರು ಎರಡು ಹಾಕಿ ಹಲ್ಲಿನಲ್ಲಿ ಕಚ್ಚಿ ಬಿಗಿಯುತ್ತಾರೆ.

"ಈ ಸಲ ಯಾವನು ಬಿಚ್ಕೊಂಡು ಹೋಗ್ತಾನೋ ನೋಡೇಬಿಡ್ತೀನಿ."